ಔಷಧಿ ಹೊರುವ ಎಣ್ಣೆಹನಿ: ಎಮಲ್ಷನ್ ಮತ್ತು ನ್ಯಾನೋ ಎಮಲ್ಷನ್

ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಕಡೆಯಲ್ಲಿ ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ 'ಎಣ್ಣಿ ಹೊಡಿಯೋದು' ಎನ್ನುವುದು ರೂಢಿ. ಅಂಗಡಿಗೆ ಹೋದವರು 'ಗೋವಿನಜೋಳಕ್ಕ ಎಣ್ಣಿ ಕೊಡ್ರಿ' ಎಂದೇ ಕೇಳುತ್ತಾರೆ. ಈ ಆಡುಮಾತಿನಲ್ಲಿ ಒಂದು ಸತ್ಯ ಅಡಗಿದೆ. ಹಲವು ಕೀಟನಾಶಕಗಳು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಂತಹ ದ್ರವದಲ್ಲಿ ಮಾತ್ರ ಕರಗುತ್ತವೆ. ಆ ಎಣ್ಣೆಯನ್ನು ಕಣ್ಣಿಗೆ ಕಾಣದ ಹನಿಗಳಾಗಿ ನೀರಿನಲ್ಲಿ ಹರಡಿದಾಗಲೇ ಔಷಧಿ ಬೆಳೆಯ ಮೇಲೆ ಸಮನಾಗಿ ಬೀಳುತ್ತದೆ.

ದನಗಳಿಗೆ ವರ್ಷಕ್ಕೆ ಎರಡು ಸಲ ಹಾಕಿಸುವ ಕಾಲುಬಾಯಿ ಬೇನೆಯ ಲಸಿಕೆಯೂ ಇಂತಹುದೇ ಎಣ್ಣೆ-ನೀರಿನ ಮಿಶ್ರಣ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ರಕ್ತನಾಳಕ್ಕೆ ಕೊಡುವ ಹಾಲಿನಂತಹ ಬಿಳಿಯ ಅರಿವಳಿಕೆ ಔಷಧಿಯೂ ಇದೇ ಜಾತಿಯದು. ಇವೆಲ್ಲವುಗಳಲ್ಲಿ ಔಷಧಿ ಎಷ್ಟು ಮುಖ್ಯವೋ ಅದನ್ನು ಹೊತ್ತೊಯ್ಯುವ ಹನಿಯೂ ಅಷ್ಟೇ ಮುಖ್ಯ. ಹನಿ ಒಡೆದು ಎಣ್ಣೆ ಬೇರೆ, ನೀರು ಬೇರೆಯಾದರೆ ಒಳ್ಳೆಯ ಔಷಧಿಯೂ ಕೆಲಸಕ್ಕೆ ಬಾರದು. ಕೆಲವು ವೇಳೆ ಹಾನಿಯನ್ನೇ ಮಾಡಬಹುದು. ಈಚೆಗೆ 'ನ್ಯಾನೋ' ಎಂಬ ಹೆಸರು ಹೊತ್ತ ಬಾಟಲಿಗಳು ಮಾರುಕಟ್ಟೆಗೆ ಬರುತ್ತಿರುವುದರಿಂದ ಈ ವಿಷಯವನ್ನು ರೈತರು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ.

ಎಣ್ಣೆ ನೀರು ಕೂಡುವ ಬಗೆ

ಒಂದು ಬಾಟಲಿಗೆ ನೀರು ಮತ್ತು ಸ್ವಲ್ಪ ಶೇಂಗಾ ಎಣ್ಣೆ ಹಾಕಿ ಜೋರಾಗಿ ಅಲುಗಾಡಿಸಿದರೆ ಎಣ್ಣೆ ಹನಿಹನಿಯಾಗಿ ಚದುರುತ್ತದೆ. ಬಾಟಲಿಯನ್ನು ಕೆಳಗಿಟ್ಟ ಕೂಡಲೇ ಹನಿಗಳು ಒಂದರಲ್ಲೊಂದು ಸೇರಿ ಮೇಲೆ ತೇಲುತ್ತವೆ. ಅದೇ ಬಾಟಲಿಗೆ ಚೂರು ಸಾಬೂನು ಕರಗಿಸಿ ಅಲುಗಾಡಿಸಿದರೆ ಮಿಶ್ರಣ ಬೆಳ್ಳಗಾಗಿ ಬಹಳ ಹೊತ್ತು ಹಾಗೆಯೇ ನಿಲ್ಲುತ್ತದೆ. ಸಾಬೂನಿನ ಕಣಕ್ಕೆ ಎರಡು ತುದಿಗಳಿವೆ. ಒಂದು ತುದಿ ಎಣ್ಣೆಗೆ ಅಂಟುತ್ತದೆ, ಇನ್ನೊಂದು ನೀರಿಗೆ ಒಲಿಯುತ್ತದೆ. ಹೀಗೆ ಪ್ರತಿಯೊಂದು ಹನಿಯ ಸುತ್ತಲೂ ಸಾಬೂನಿನ ತೆಳುವಾದ ಪೊರೆ ಕಟ್ಟಿಕೊಂಡು ಹನಿಗಳು ಒಂದನ್ನೊಂದು ಕೂಡದಂತೆ ತಡೆಯುತ್ತದೆ. ಇಂತಹ ಮಿಶ್ರಣಕ್ಕೆ ಎಮಲ್ಷನ್ ಎಂದೂ, ಪೊರೆ ಕಟ್ಟುವ ಪದಾರ್ಥಕ್ಕೆ ಎಮಲ್ಸಿಫೈಯರ್ ಎಂದೂ ಹೆಸರು.

ಪ್ರತಿ ಮನೆಯಲ್ಲಿಯೂ ಇರುವ ಎಮಲ್ಷನ್ ಎಂದರೆ ಹಾಲು. ಹಾಲಿನಲ್ಲಿ ಕೊಬ್ಬು ಸಣ್ಣ ಹನಿಗಳಾಗಿ ತೇಲುತ್ತಿರುತ್ತದೆ. ಪ್ರತಿ ಹನಿಗೂ ನಿಸರ್ಗವೇ ಕೊಟ್ಟ ಪೊರೆಯಿದೆ. ಎಮ್ಮೆಯ ಹಾಲನ್ನು ಇಟ್ಟಲ್ಲಿಯೇ ಬಿಟ್ಟರೆ ಕೊಬ್ಬಿನ ಹನಿಗಳು ಮೇಲೇರಿ ಕೆನೆ ಕಟ್ಟುತ್ತವೆ. ಆದರೆ ಕೆನೆಯನ್ನು ಮತ್ತೆ ಕಲಕಿದರೆ ಹಾಲಿನಲ್ಲಿ ಬೆರೆಯುತ್ತದೆ, ಏಕೆಂದರೆ ಹನಿಗಳ ಪೊರೆ ಇನ್ನೂ ಹರಿದಿಲ್ಲ. ಮೊಸರನ್ನು ಕಡಗೋಲಿನಿಂದ ಕಡೆದಾಗ ಮಾತ್ರ ಪೊರೆ ಹರಿದು ಹನಿಗಳು ಕೂಡಿ ಬೆಣ್ಣೆಯಾಗುತ್ತವೆ. ಬೆಣ್ಣೆ ಒಮ್ಮೆ ಬೇರೆಯಾದ ಮೇಲೆ ಎಷ್ಟು ಕಲಕಿದರೂ ಮಜ್ಜಿಗೆಯಲ್ಲಿ ಬೆರೆಯದು. ಕೆನೆಗೂ ಬೆಣ್ಣೆಗೂ ಇರುವ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಔಷಧಿಯ ಬಾಟಲಿಯಲ್ಲಿ ಏನಾಗಿದೆ ಎಂಬುದನ್ನು ತಿಳಿಯುವುದು ಸುಲಭ. ಕೆನೆಯಂತೆ ಮೇಲೇರಿದ್ದರೆ ಅಲುಗಾಡಿಸಿ ಸರಿಪಡಿಸಬಹುದು. ಬೆಣ್ಣೆಯಂತೆ ಬೇರೆಯಾಗಿದ್ದರೆ ಸರಿಪಡಿಸಲಾಗದು.

ಹನಿಯ ಗಾತ್ರದ ಲೆಕ್ಕ

ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಮೈಕ್ರಾನನ್ನು ಮತ್ತೆ ಸಾವಿರ ಭಾಗ ಮಾಡಿದರೆ ಒಂದು ನ್ಯಾನೋಮೀಟರ್. ಎಂದರೆ ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರುಗಳಿವೆ. ಮನುಷ್ಯನ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ಆಕಳ ಹಾಲಿನ ಕೊಬ್ಬಿನ ಹನಿ ಸರಾಸರಿ 3ರಿಂದ 4 ಮೈಕ್ರಾನ್. ನ್ಯಾನೋ ಎಮಲ್ಷನ್ನಿನ ಹನಿಗಳು ಸಾಮಾನ್ಯವಾಗಿ 20ರಿಂದ 200 ನ್ಯಾನೋಮೀಟರ್ ಅಡ್ಡಳತೆಯವು. ಹಾಲಿನ ಹನಿಯ ಮುಂದೆ ಅವು ತೆಂಗಿನಕಾಯಿಯ ಮುಂದೆ ಕಡಲೆ ಕಾಳಿನಷ್ಟು ಅಥವಾ ಇನ್ನೂ ಸಣ್ಣ.

ಇಷ್ಟು ಸಣ್ಣದು ಮಾಡುವುದರಿಂದ ಆಗುವ ಲಾಭವೇನು? ಒಂದು ಲೆಕ್ಕ ನೋಡೋಣ. ಒಂದು ಮಿ.ಲೀ. ಎಣ್ಣೆಯನ್ನು 10 ಮೈಕ್ರಾನ್ ಹನಿಗಳಾಗಿ ಒಡೆದರೆ ಎಲ್ಲ ಹನಿಗಳ ಮೈಯ ವಿಸ್ತೀರ್ಣ ಕೂಡಿ 0.6 ಚದರ ಮೀಟರ್ ಆಗುತ್ತದೆ. ಅದೇ ಒಂದು ಮಿ.ಲೀ. ಎಣ್ಣೆಯನ್ನು 100 ನ್ಯಾನೋಮೀಟರ್ ಹನಿಗಳಾಗಿ ಒಡೆದರೆ ವಿಸ್ತೀರ್ಣ 60 ಚದರ ಮೀಟರ್, ಎಂದರೆ ಅರ್ಧ ಗುಂಟೆಗಿಂತಲೂ ಹೆಚ್ಚು! ಹನಿಯ ಅಡ್ಡಳತೆ ನೂರನೆಯ ಒಂದು ಭಾಗಕ್ಕೆ ಇಳಿದರೆ ಹನಿಗಳ ಸಂಖ್ಯೆ 10 ಲಕ್ಷ ಪಟ್ಟು ಏರುತ್ತದೆ. ಹೀಗೆ ಅಷ್ಟೇ ಔಷಧಿ ಬಹಳ ಹೆಚ್ಚು ಜಾಗವನ್ನು ಮುಟ್ಟುತ್ತದೆ.

ಎರಡನೆಯ ಲಾಭ, ಇಷ್ಟು ಸಣ್ಣ ಹನಿಗಳು ಸುಲಭವಾಗಿ ಮೇಲೇರಿ ಕೆನೆ ಕಟ್ಟುವುದಿಲ್ಲ. ಸುತ್ತಲಿನ ನೀರಿನ ಕಣಗಳ ತಳ್ಳಾಟವೇ ಅವುಗಳನ್ನು ಅತ್ತಿತ್ತ ಆಡಿಸುತ್ತಿರುತ್ತದೆ. ಮೂರನೆಯದು, 100 ನ್ಯಾನೋಮೀಟರಿಗಿಂತ ಸಣ್ಣ ಹನಿಗಳು ಬೆಳಕನ್ನು ಹೆಚ್ಚು ಚದುರಿಸುವುದಿಲ್ಲ. ಆದುದರಿಂದ ಮಿಶ್ರಣ ಹಾಲಿನಂತೆ ಬಿಳುಪಾಗಿರದೆ ತಿಳಿಯಾಗಿ ಅಥವಾ ತುಸು ನೀಲಿ ಛಾಯೆಯಿಂದ ಕಾಣುತ್ತದೆ.

ಲಾಭದ ಜೊತೆಗೆ ಖರ್ಚೂ ಉಂಟು. ಮೈಯ ವಿಸ್ತೀರ್ಣ ಹೆಚ್ಚಿದಷ್ಟೂ ಅದನ್ನು ಹೊದಿಸಲು ಎಮಲ್ಸಿಫೈಯರ್ ಹೆಚ್ಚು ಬೇಕು. ಹನಿಗಳನ್ನು ಒಡೆಯಲು ಅತಿ ಒತ್ತಡದ ಯಂತ್ರಗಳೋ, ಕಿವಿಗೆ ಕೇಳದ ಶಬ್ದತರಂಗಗಳ ಸಾಧನವೋ ಬೇಕಾಗುತ್ತದೆ. ಕೆಲವು ಎಣ್ಣೆಗಳನ್ನು ತಕ್ಕ ಎಮಲ್ಸಿಫೈಯರ್ ಜೊತೆ ಉಷ್ಣತೆ ನೋಡಿ ಬೆರೆಸಿಯೂ ಸಾಧಿಸಬಹುದು. ಮನೆಯಲ್ಲಿ ಕಡಗೋಲಿನಿಂದಲೋ ಮಿಕ್ಸರಿನಿಂದಲೋ ಆಗುವ ಕೆಲಸ ಇದಲ್ಲ.

ಮನುಷ್ಯರ ವೈದ್ಯದಲ್ಲಿ

ರೋಗಕ್ಕೆ ಬಳಸುವ ಅನೇಕ ಔಷಧಿಗಳು ಕೊಬ್ಬಿನಲ್ಲಿ ಕರಗುವಂತಹವು. ಅವುಗಳನ್ನು ನೀರಿನಿಂದ ಕೂಡಿದ ರಕ್ತಕ್ಕೆ ಸೇರಿಸುವುದು ಹೇಗೆ ಎಂಬುದು ಬಹುಕಾಲದ ಸಮಸ್ಯೆಯಾಗಿತ್ತು. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ಅವರು 1960ರ ದಶಕದ ಆರಂಭದಲ್ಲಿ ಸೋಯಾ ಅವರೆ ಎಣ್ಣೆಯನ್ನು ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್ ಎಂಬ ಎಮಲ್ಸಿಫೈಯರ್ ಸೇರಿಸಿ ನುಣ್ಣನೆಯ ಎಮಲ್ಷನ್ ಮಾಡಿದರು. ಊಟ ಮಾಡಲಾಗದ ರೋಗಿಗಳಿಗೆ ಅದನ್ನು ರಕ್ತನಾಳದ ಮೂಲಕ ಆಹಾರವಾಗಿ ಕೊಡುವುದು ಸಾಧ್ಯವಾಯಿತು.

ಇದೇ ದಾರಿಯಲ್ಲಿ ಮುಂದೆ ನಡೆದವರು ಒಬ್ಬ ಪಶುವೈದ್ಯರು ಎಂಬುದು ಗಮನಿಸತಕ್ಕ ಸಂಗತಿ. ಸ್ಕಾಟ್ಲೆಂಡಿನ ಜಾನ್ ಗ್ಲೆನ್ ಅವರು ಪ್ರೊಪೋಫಾಲ್ ಎಂಬ ಅರಿವಳಿಕೆ ಔಷಧಿಯನ್ನು ಕಂಡುಹಿಡಿದ ಕೆಲಸದಲ್ಲಿ ಪ್ರಮುಖರು. ಆ ಔಷಧಿ ನೀರಿನಲ್ಲಿ ಕರಗದು. ಮೊದಲು ಬೇರೊಂದು ದ್ರಾವಕದಲ್ಲಿ ಬೆರೆಸಿ ಪ್ರಯೋಗಿಸಿದಾಗ ಕೆಲವು ರೋಗಿಗಳಿಗೆ ಆ ದ್ರಾವಕವೇ ಒಗ್ಗಲಿಲ್ಲ. ಆಗ ಔಷಧಿಯನ್ನು ಬಿಡದೆ ಅದನ್ನು ಹೊರುವ ವಾಹಕವನ್ನು ಬದಲಾಯಿಸಿದರು. ಸೋಯಾ ಎಣ್ಣೆ ಮತ್ತು ಲೆಸಿಥಿನ್ ಎಮಲ್ಷನ್ನಿನಲ್ಲಿ ಸಿದ್ಧಪಡಿಸಿದ ಪ್ರೊಪೋಫಾಲ್ 1986ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದು, ಇಂದು ಜಗತ್ತಿನ ಎಲ್ಲೆಡೆ ಶಸ್ತ್ರಚಿಕಿತ್ಸೆಗಳಲ್ಲಿ ಉಪಯೋಗದಲ್ಲಿದೆ. ನಾಯಿ, ಬೆಕ್ಕುಗಳ ಶಸ್ತ್ರಚಿಕಿತ್ಸೆಗೂ ಪಶುವೈದ್ಯರು ಬಳಸುತ್ತಾರೆ. ಈ ಸಾಧನೆಗಾಗಿ ಗ್ಲೆನ್ ಅವರಿಗೆ 2018ರಲ್ಲಿ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ ಸಂದಿತು.

ಇನ್ನೊಂದು ಉದಾಹರಣೆ ಸೈಕ್ಲೋಸ್ಪೊರಿನ್. ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ಇದನ್ನು ಕೊಡುತ್ತಾರೆ. ಮೊದಲಿನ ಎಣ್ಣೆ ರೂಪದ ಔಷಧಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಎಂಬಂತೆ ಹೀರಲ್ಪಡುತ್ತಿತ್ತು. ಊಟದ ಮೇಲೂ ಪಿತ್ತರಸದ ಮೇಲೂ ಅದು ಅವಲಂಬಿಸಿತ್ತು. 1990ರ ದಶಕದ ಮಧ್ಯದಲ್ಲಿ ಅದೇ ಔಷಧಿಯ ಹೊಸ ರೂಪ ಬಂದಿತು. ಇದು ಹೊಟ್ಟೆಯಲ್ಲಿ ನೀರು ಸೋಕಿದ ಕೂಡಲೇ ತಾನಾಗಿಯೇ ಅತಿ ಸಣ್ಣ ಹನಿಗಳಾಗಿ ಒಡೆಯುತ್ತದೆ. ಇದರಿಂದ ಔಷಧಿ ಹೀರುವಿಕೆ ಹೆಚ್ಚು ನೆಚ್ಚತಕ್ಕದ್ದಾಯಿತು. ಪಂಪಿನ ನೀರಿಗೆ ಬಿದ್ದ ಕೂಡಲೇ ಬೆಳ್ಳಗಾಗುವ ಕೀಟನಾಶಕದ ಕೆಲಸವೂ ಇದೇ ತತ್ವದ್ದು.

ಲಸಿಕೆಗಳಲ್ಲಿಯೂ ಇದರ ಉಪಯೋಗವಾಗಿದೆ. ಸ್ಕ್ವಾಲೀನ್ ಎಂಬ ಎಣ್ಣೆಯ ಸುಮಾರು 160 ನ್ಯಾನೋಮೀಟರ್ ಹನಿಗಳನ್ನು ಸೇರಿಸಿದ ಫ್ಲೂ ಜ್ವರದ ಲಸಿಕೆ 1997ರಲ್ಲಿ ಇಟಲಿಯಲ್ಲಿ ವಯಸ್ಸಾದವರಿಗಾಗಿ ಬಳಕೆಗೆ ಬಂದಿತು. ಎಣ್ಣೆಹನಿಗಳು ದೇಹದ ರಕ್ಷಣಾ ಕಣಗಳನ್ನು ಎಚ್ಚರಿಸಿ ಲಸಿಕೆಯ ಫಲವನ್ನು ಹೆಚ್ಚಿಸುತ್ತವೆ. ಇಂತಹ ಎಣ್ಣೆಯ ಸಹಾಯದಿಂದಲೇ ದನಗಳನ್ನು ಕಾಯುವ ಲಸಿಕೆ ಹಳ್ಳಿಹಳ್ಳಿಯ ಕೊಟ್ಟಿಗೆಗೆ ಬರುತ್ತಿದೆ.

ಕೊಟ್ಟಿಗೆಗೆ ಬರುವ ಎಮಲ್ಷನ್: ಕಾಲುಬಾಯಿ ಬೇನೆ ಲಸಿಕೆ

2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಬೇನೆ ವ್ಯಾಪಕವಾಗಿ ಹಬ್ಬಿ ಸಾವಿರಾರು ಜಾನುವಾರುಗಳು ಸತ್ತುದನ್ನು ರೈತರು ಮರೆತಿಲ್ಲ. ಉಳಿದುಕೊಂಡ ಆಕಳುಗಳಲ್ಲಿ ಹಾಲು ಇಳಿಯಿತು, ಎತ್ತುಗಳು ದುಡಿಮೆಗೆ ಬಾರದಾದವು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ, ದನ ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಈ ಲಸಿಕೆ ಹಾಕುವ ಯೋಜನೆ ಕೈಗೊಂಡಿತು. 2030ರ ಹೊತ್ತಿಗೆ ಬೇನೆಯನ್ನು ದೇಶದಿಂದ ಅಳಿಸುವುದು ಇದರ ಗುರಿ.

ಈ ಲಸಿಕೆಯಲ್ಲಿ ಕೊಂದ ವೈರಾಣು ನೀರಿನ ಭಾಗದಲ್ಲಿದ್ದು, ಅದನ್ನು ಖನಿಜ ಎಣ್ಣೆಯೊಡನೆ ಎಮಲ್ಷನ್ ಮಾಡಿರುತ್ತಾರೆ. ಇದರ ಹನಿಗಳು ನ್ಯಾನೋ ಅಳತೆಯವಲ್ಲ, ಅದಕ್ಕಿಂತ ದೊಡ್ಡವು. ಆದರೆ ತತ್ವ ಒಂದೇ. ನೀರಿನಲ್ಲಿ ಮಾತ್ರ ಬೆರೆಸಿ ಚುಚ್ಚಿದರೆ ಕೊಂದ ವೈರಾಣು ಬೇಗನೆ ದೇಹದಲ್ಲಿ ಹರಿದುಹೋಗುತ್ತದೆ. ಎಣ್ಣೆಯೊಡನೆ ಚುಚ್ಚಿದಾಗ ಅದು ಸ್ನಾಯುವಿನಲ್ಲಿ ಚಿಕ್ಕ ಕಣಜದಂತೆ ನಿಂತು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ದೇಹಕ್ಕೆ ಶತ್ರುವಿನ ಗುರುತು ಹಿಡಿಯಲು ಸಾಕಷ್ಟು ಕಾಲ ಸಿಗುತ್ತದೆ. ಅಮೆರಿಕದಲ್ಲಿ ಜೂಲ್ಸ್ ಫ್ರಾಯಿಂಡ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಎಣ್ಣೆ-ನೀರಿನ ಎಮಲ್ಷನ್ನಿನ ಈ ಶಕ್ತಿಯನ್ನು ತೋರಿಸಿಕೊಟ್ಟರು. ಗಳಲೆ ರೋಗದ ಎಣ್ಣೆ ಲಸಿಕೆಯೂ ಇದೇ ರೀತಿಯದು.

ಚುಚ್ಚಿದ ಜಾಗದಲ್ಲಿ ಕೆಲವು ದಿನ ಗಂಟು ಕಾಣುವುದು, ಒಂದೆರಡು ದಿನ ಮೈ ಬಿಸಿಯಾಗುವುದು, ಹಾಲು ತುಸು ಇಳಿಯುವುದು ಇದರಿಂದಲೇ. ಎಣ್ಣೆ ಅಲ್ಲಿ ನಿಂತು ಕೆಲಸ ಮಾಡುತ್ತಿದೆ ಎಂಬುದರ ಗುರುತು ಅದು. ಹಾಲು ಕಡಿಮೆಯಾದೀತೆಂದು ಲಸಿಕೆ ತಂಡ ಬಂದಾಗ ಆಕಳನ್ನು ಹೊಲಕ್ಕೆ ಹೊಡೆದುಕೊಂಡು ಹೋಗುವವರಿದ್ದಾರೆ. ನಾಲ್ಕು ದಿನದ ಹಾಲು ಉಳಿಸಲು ಹೋಗಿ ಇಡೀ ಸೂಲಿನ ಹಾಲನ್ನು ಪಣಕ್ಕಿಡುವುದು ಜಾಣತನವಲ್ಲ. ಲಸಿಕೆಯಿಲ್ಲದ ಒಂದು ಆಕಳಿನಿಂದ ಊರಿನ ದನಗಳಿಗೆಲ್ಲ ಗಂಡಾಂತರ ಒದಗಬಹುದು. ತುಂಬು ಗಬ್ಬದ ಅಥವಾ ಜ್ವರದಿಂದಿರುವ ದನಗಳ ವಿಷಯವನ್ನು ಮಾತ್ರ ಪಶುವೈದ್ಯರಿಗೆ ಮೊದಲೇ ತಿಳಿಸಬೇಕು.

ಕರುಗಳಿಗೆ ನಾಲ್ಕು ತಿಂಗಳಾದಾಗ ಮೊದಲ ಚುಚ್ಚುಮದ್ದು, ಒಂದು ತಿಂಗಳ ಬಳಿಕ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಲಸಿಕೆಯ ಬಲ ಬರಲು ಎರಡು ಮೂರು ವಾರ ಬೇಕಾಗುತ್ತದೆ. ಈ ನಾಲ್ಕೂ ತಾಲೂಕುಗಳಲ್ಲಿ ದೀಪಾವಳಿಯಿಂದ ಹೋರಿ ಹಬ್ಬಗಳು ಆರಂಭವಾಗಿ ದೂರದೂರದ ಹೋರಿಗಳು ಒಂದೆಡೆ ಸೇರುತ್ತವೆ. ಕೊಬ್ಬರಿ ಸರ ಕಟ್ಟಿ ಅಖಾಡಕ್ಕೆ ಬಿಡುವ ಹೋರಿಗೆ ಒಂದು ತಿಂಗಳ ಮೊದಲೇ ಲಸಿಕೆ ಹಾಕಿಸಿರಬೇಕು. ಹಬ್ಬದ ಹಿಂದಿನ ದಿನ ಹಾಕಿಸಿದರೆ ಆ ಹಬ್ಬದ ಮಟ್ಟಿಗೆ ಪ್ರಯೋಜನವಿಲ್ಲ. ದನದ ಸಂತೆಗೆ ಒಯ್ಯುವ ಜಾನುವಾರುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಎಣ್ಣೆ ಲಸಿಕೆ ಹೆಪ್ಪುಗಟ್ಟಬಾರದು

ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಬಿಸಿಲು ತಗುಲಿದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಅನೇಕರಿಗೆ ತಿಳಿಯದು. ನೀರು ಮಂಜುಗಡ್ಡೆಯಾಗುವಾಗ ಅದರ ಮೊನಚಾದ ಹರಳುಗಳು ಹನಿಗಳ ಪೊರೆಯನ್ನು ಚುಚ್ಚಿ ಹರಿಯುತ್ತವೆ. ಕರಗಿದ ಮೇಲೆ ಹನಿಗಳು ಒಂದುಗೂಡಿ ಎಣ್ಣೆ ಬೇರೆ, ನೀರು ಬೇರೆಯಾಗುತ್ತದೆ. ಮೊಸರು ಕಡೆದು ಬೆಣ್ಣೆ ಬಂದ ಸ್ಥಿತಿಯೇ ಇದು.

2022ರಲ್ಲಿ ಹಾವೇರಿ ಜಿಲ್ಲೆಯಲ್ಲಿಯೂ ಕಾಡಿದ ಚರ್ಮಗಂಟು ರೋಗಕ್ಕೆ ಕೊಟ್ಟ ಮೇಕೆ ಸಿಡುಬಿನ ಲಸಿಕೆ ಒಣಪುಡಿಯ ರೂಪದ ಜೀವಂತ ಲಸಿಕೆ. ಅದನ್ನು ದ್ರವದಲ್ಲಿ ಕರಗಿಸಿ ಕೆಲವೇ ತಾಸುಗಳಲ್ಲಿ ಮುಗಿಸಬೇಕು. ಅದರ ರೀತಿ ಬೇರೆ, ಎಣ್ಣೆ ಲಸಿಕೆಯ ರೀತಿ ಬೇರೆ. ಎರಡನ್ನೂ ಒಂದೇ ತೆರನಾಗಿ ನೋಡಬಾರದು. ಎಣ್ಣೆ ಲಸಿಕೆಯ ಬಾಟಲಿ ಮಂಜಿನ ಗಡ್ಡೆಗೆ ನೇರವಾಗಿ ತಾಗದಂತೆ ನಡುವೆ ಕಾಗದ ಅಥವಾ ಬಟ್ಟೆ ಇಡುವುದು ಒಳ್ಳೆಯದು. ಫ್ರಿಜ್ಜಿನ ಮೇಲ್ಭಾಗದ ಮಂಜಿನ ಪೆಟ್ಟಿಗೆಯಲ್ಲಿ ಎಂದಿಗೂ ಇಡಬಾರದು. ಬಳಸುವ ಮುನ್ನ ಬಾಟಲಿಯನ್ನು ಮೆಲ್ಲಗೆ ಅಲುಗಾಡಿಸಿ ನೋಡಬೇಕು. ಒಂದೇ ಸಮನಾದ ಬಿಳಿಯ ದ್ರವವಾಗದೆ ಪದರ ಪದರವಾಗಿ ಉಳಿದರೆ ಅಂತಹ ಬಾಟಲಿಯನ್ನು ಉಪಯೋಗಿಸದೆ ಪಶು ಆಸ್ಪತ್ರೆಗೆ ಒಪ್ಪಿಸಬೇಕು.

ವಿಸ್ತರಣಾ ಕಾರ್ಯಕರ್ತರು ಮತ್ತು ಲಸಿಕೆ ಹಾಕುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ದನ ಕೊಸರಿದಾಗ ಸೂಜಿ ಕೈಬೆರಳಿಗೆ ಚುಚ್ಚಿ ಖನಿಜ ಎಣ್ಣೆಯ ಲಸಿಕೆ ಒಳಸೇರಿದರೆ ಗಾಯ ಚಿಕ್ಕದೆಂದು ಸುಮ್ಮನಿರಬಾರದು. ಬೆರಳು ಬಾತು ರಕ್ತ ಸಂಚಾರ ನಿಲ್ಲುವ ಅಪಾಯವಿದೆ. ಲಸಿಕೆಯ ಚೀಟಿಯನ್ನು ಹಿಡಿದುಕೊಂಡು ತಕ್ಷಣ ವೈದ್ಯರನ್ನು ಕಾಣಬೇಕು.

ಹೊಲದ 'ಎಣ್ಣಿ'

ಕೀಟನಾಶಕದ ಬಾಟಲಿಯ ಮೇಲೆ '20 ಇ.ಸಿ.', '25 ಇ.ಸಿ.' ಎಂದು ಬರೆದಿರುವುದನ್ನು ರೈತರು ನೋಡಿರುತ್ತಾರೆ. ಇ.ಸಿ. ಎಂದರೆ ನೀರಿಗೆ ಹಾಕಿದಾಗ ಎಮಲ್ಷನ್ ಆಗುವ ಸಾಂದ್ರ ದ್ರವ. ಇದರಲ್ಲಿ ಔಷಧಿ, ಅದನ್ನು ಕರಗಿಸುವ ದ್ರಾವಕ ಮತ್ತು ಎಮಲ್ಸಿಫೈಯರ್ ಇರುತ್ತವೆ. ಇ.ಡಬ್ಲ್ಯು. ಎಂದಿದ್ದರೆ ಎಣ್ಣೆಹನಿಗಳು ಬಾಟಲಿಯಲ್ಲಿಯೇ ನೀರಿನಲ್ಲಿ ಹರಡಿವೆ ಎಂದೂ, ಎಂ.ಇ. ಎಂದಿದ್ದರೆ ಹನಿಗಳು ಇನ್ನೂ ಸಣ್ಣವೆಂದೂ ತಿಳಿಯಬೇಕು. ಇವೆರಡರಲ್ಲಿ ಉರಿಯುವ, ಕಟುವಾಸನೆಯ ದ್ರಾವಕದ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಡಬ್ಲ್ಯು.ಪಿ., ಎಸ್.ಜಿ., ಎಸ್.ಸಿ. ಎಂಬುವು ಪುಡಿ, ಹರಳು ಅಥವಾ ಕಣಗಳ ರೂಪದವು. ಅವು ಎಮಲ್ಷನ್‌ಗಳಲ್ಲ.

ಎಮಲ್ಷನ್ನಿಗೆ ಮುಖ್ಯ ಶತ್ರು ಗಡಸು ನೀರು. ಸಾಬೂನು ಹಚ್ಚಿದರೆ ನೊರೆ ಬಾರದೆ ಬಿಳಿಯ ಚೂರು ಬೀಳುವ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿರುತ್ತದೆ. ಅದು ಸಾಬೂನಿನ ಪೊರೆಯನ್ನು ಹಾಳು ಮಾಡುತ್ತದೆ. ಕೆರೆ ಮತ್ತು ಮಳೆ ನೀರಿಗಿಂತ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಹೆಚ್ಚು ಗಡಸು. ಕಂಪನಿಯ ಔಷಧಿಗಳಲ್ಲಿ ಗಡಸು ನೀರನ್ನು ತಾಳುವ ಎಮಲ್ಸಿಫೈಯರ್ ಹಾಕಿರುತ್ತಾರೆ. ಪ್ರಯೋಗಾಲಯದಲ್ಲಿ ಲೀಟರಿಗೆ 342 ಮಿ.ಗ್ರಾಂ. ಗಡಸುತನವಿರುವ ನೀರಿನಲ್ಲಿ ಬೆರೆಸಿ ಒಂದು ತಾಸು ಇಟ್ಟು ಪರೀಕ್ಷಿಸುವ ಪದ್ಧತಿಯಿದೆ. ಆದರೆ ಹಳೆಯದಾದ, ಬಿಸಿಲಲ್ಲಿಟ್ಟ ಅಥವಾ ಕಲಬೆರಕೆಯ ಔಷಧಿ ಈ ಗುಣವನ್ನು ಕಳೆದುಕೊಂಡಿರಬಹುದು.

ಹನಿ ಒಡೆದರೆ ಪಂಪಿನಲ್ಲಿ ಔಷಧಿ ಮೇಲೆ ತೇಲಿ, ಮೊದಲು ಬರಿಯ ನೀರೂ ಕೊನೆಗೆ ಗಟ್ಟಿ ಎಣ್ಣೆಯೂ ಹೊರಬರುತ್ತದೆ. ಮೊದಲ ಸಾಲುಗಳಲ್ಲಿ ಹುಳು ಸಾಯುವುದಿಲ್ಲ, ಕೊನೆಯ ಸಾಲುಗಳಲ್ಲಿ ಎಲೆ ಸುಡುತ್ತದೆ. 'ಎಣ್ಣಿ ಹತ್ತಲಿಲ್ಲ' ಎಂದು ಪ್ರಮಾಣ ಹೆಚ್ಚಿಸಿದರೆ ಹಣವೂ ಹಾಳು, ಬೆಳೆಯೂ ಹಾಳು.

ಬಾಟಲಿ ಪರೀಕ್ಷೆ

ಇದನ್ನು ಪ್ರತಿಯೊಬ್ಬ ರೈತನೂ ಹೊಲದ ಬದುವಿನಲ್ಲಿಯೇ ಮಾಡಬಹುದು. ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಸಿಂಪರಣೆಗೆ ಬಳಸಲಿರುವ ನೀರನ್ನೇ ಮುಕ್ಕಾಲು ಭಾಗ ತುಂಬಬೇಕು. ಕೈಗವಸು ಹಾಕಿಕೊಂಡು ಅಷ್ಟು ನೀರಿಗೆ ಶಿಫಾರಸಾದಷ್ಟೇ ಔಷಧಿ ಸೇರಿಸಿ, ಮುಚ್ಚಳ ಬಿಗಿದು ಹತ್ತು ಸಲ ಮೇಲೆಕೆಳಗೆ ತಿರುಗಿಸಿ ಅರ್ಧ ತಾಸು ನೆರಳಿನಲ್ಲಿ ಇಡಬೇಕು.

ಮಿಶ್ರಣ ಒಂದೇ ಸಮನಾಗಿದ್ದರೆ ನೀರೂ ಔಷಧಿಯೂ ಹೊಂದುತ್ತವೆ. ಮೇಲೆ ತೆಳ್ಳಗೆ ಕೆನೆ ಕಟ್ಟಿದ್ದು, ಮತ್ತೆ ತಿರುಗಿಸಿದಾಗ ಬೆರೆತರೆ ಬಳಸಬಹುದು. ಆದರೆ ಸಿಂಪಡಿಸುವಾಗ ಪಂಪನ್ನು ಆಗಾಗ ಅಲುಗಾಡಿಸುತ್ತಿರಬೇಕು. ಮೇಲೆ ಎಣ್ಣೆ ಹೊಳೆಯುತ್ತಿದ್ದರೆ, ತಳದಲ್ಲಿ ಚೂರು ನಿಂತಿದ್ದರೆ ಅಥವಾ ಮಜ್ಜಿಗೆಯಂತೆ ಒಡೆದಿದ್ದರೆ ಆ ನೀರಿನಲ್ಲಿ ಆ ಔಷಧಿಯನ್ನು ಬಳಸಬಾರದು. ಕೆರೆ ಅಥವಾ ಮಳೆ ನೀರಿನಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಅಲ್ಲಿಯೂ ಒಡೆದರೆ ದೋಷ ಔಷಧಿಯದೆಂದು ತಿಳಿದು, ಖರೀದಿ ಚೀಟಿಯೊಡನೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಎರಡು ಔಷಧಿ ಬೆರೆಸಲು ಶಿಫಾರಸಿದ್ದಾಗಲೂ ಈ ಪರೀಕ್ಷೆ ಮಾಡುವುದು ಒಳಿತು. ಬೆರೆಸುವಾಗ ಮೊದಲು ಅರ್ಧ ಟ್ಯಾಂಕು ನೀರು, ನಂತರ ಪುಡಿ, ಆಮೇಲೆ ಎಸ್.ಸಿ., ಕೊನೆಗೆ ಇ.ಸಿ. ಎಂಬ ಕ್ರಮ ಪಾಲಿಸಬೇಕು. ಪರೀಕ್ಷೆಗೆ ಬಳಸಿದ ಬಾಟಲಿಯನ್ನು ಕುಡಿಯುವ ನೀರಿಗೆ ಎಂದಿಗೂ ಬಳಸಬಾರದು. ಅದರ ಮೇಲೆ 'ವಿಷ' ಎಂದು ಬರೆದು ಮಕ್ಕಳಿಗೆ ಸಿಗದಂತೆ ಇಡಬೇಕು.

ಬೇವಿನ ಎಣ್ಣೆ ಬೆರೆಸುವ ವಿಧಾನ

ಬೇವಿನ ಎಣ್ಣೆ ಹೆಚ್ಚಿನ ರೈತರು ತಾವೇ ತಯಾರಿಸುವ ಎಮಲ್ಷನ್. ಇದರಲ್ಲಿ ತಪ್ಪುಗಳೂ ಹೆಚ್ಚು. ನೇರವಾಗಿ ಪಂಪಿಗೆ ಎಣ್ಣೆ ಸುರಿದು ಮೇಲೆ ಸಾಬೂನು ಹಾಕುವುದು ತಪ್ಪು ಕ್ರಮ. ಲೀಟರಿಗೆ 5 ಮಿ.ಲೀ. ಎಣ್ಣೆಯಂತೆ 16 ಲೀಟರ್ ಪಂಪಿಗೆ 80 ಮಿ.ಲೀ. ಬೇಕು. ಮೊದಲು ಸುಮಾರು 16 ಗ್ರಾಂ ಸಾಬೂನಿನ ಪುಡಿಯನ್ನು ಅರ್ಧ ಲೀಟರ್ ಉಗುರುಬೆಚ್ಚಗಿನ ಮೆದು ನೀರಿನಲ್ಲಿ ಕರಗಿಸಬೇಕು. ಅದಕ್ಕೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಕೋಲಿನಿಂದ ಬಿಡದೆ ಕಲಕಬೇಕು. ಹಾಲಿನಂತೆ ಗಟ್ಟಿ ಬಿಳುಪು ಬಂದು ಎಣ್ಣೆಯ ಕಣ್ಣು ಕಾಣದಂತಾದ ಮೇಲೆ ಪಂಪಿಗೆ ಸುರಿದು ನೀರು ತುಂಬಬೇಕು. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಬೇವಿನ ಅಂಶ ಬಿಸಿಲಿಗೆ ಬೇಗ ಕೆಡುವುದರಿಂದಲೂ, ಸುಡುಬಿಸಿಲಿನಲ್ಲಿ ಎಣ್ಣೆ ಎಲೆಯನ್ನು ಸುಡುವುದರಿಂದಲೂ ಸಂಜೆ ಸಿಂಪಡಿಸುವುದು ಮೇಲು.

2018ರಿಂದ ಕರ್ನಾಟಕದ ಗೋವಿನಜೋಳವನ್ನು ಕಾಡುತ್ತಿರುವ ಫಾಲ್ ಸೈನಿಕ ಹುಳುವಿಗೆ ಬೇವಿನ ಔಷಧಿ ಮೊಟ್ಟೆ ಮತ್ತು ಎಳೆಯ ಮರಿಹುಳುವಿನ ಹಂತದಲ್ಲಿ ಮಾತ್ರ ಫಲಕಾರಿ. ಹುಳು ದೊಡ್ಡದಾಗಿ ಸುಳಿಯೊಳಗೆ ಸೇರಿ ಹಿಕ್ಕೆ ತುಂಬಿದ ಮೇಲೆ ಬೇವನ್ನು ನಂಬಿ ಕೂಡಬಾರದು. ಹಾನಗಲ್ ಕಡೆಯ ಮಾವಿನ ತೋಟಗಳಲ್ಲಿ ಹೂ ಬಿಟ್ಟಾಗ ಜೇನುನೊಣ ಹಾರಾಡುವ ಹೊತ್ತಿನಲ್ಲಿ ಯಾವ ಎಣ್ಣೆಯನ್ನೂ ಸಿಂಪಡಿಸಬಾರದು. ಸವಣೂರಿನ ಹೆಸರಾಂತ ವೀಳ್ಯದೆಲೆಯನ್ನು ಜನ ಹಸಿಯಾಗಿಯೇ ತಿನ್ನುತ್ತಾರೆ. ಆದುದರಿಂದ ಎಲೆಬಳ್ಳಿಗೆ ಶಿಫಾರಸಿಲ್ಲದ ಔಷಧಿಯನ್ನು, ಅದು ಯಾವ ಹೆಸರಿನದಾಗಲಿ, ಬಳಸಲೇಬಾರದು.

'ನ್ಯಾನೋ' ಎಂಬ ಹೆಸರಿನ ಬಗ್ಗೆ

ಬೇವಿನ ಎಣ್ಣೆಯ ನ್ಯಾನೋ ಎಮಲ್ಷನ್ ಬಗ್ಗೆ ನಮ್ಮ ದೇಶದಲ್ಲಿಯೇ ಸಂಶೋಧನೆ ನಡೆದಿದೆ. ವೆಲ್ಲೂರಿನ ವಿ.ಐ.ಟಿ. ವಿಶ್ವವಿದ್ಯಾಲಯದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇವಿನ ಎಣ್ಣೆಯ ಹನಿಯನ್ನು ಸುಮಾರು 31 ನ್ಯಾನೋಮೀಟರಿಗೆ ಇಳಿಸಿ ಸೊಳ್ಳೆಯ ಮರಿಗಳ ಮೇಲೆ ಪ್ರಯೋಗಿಸಿದರು. ಹನಿ ಸಣ್ಣದಾದಷ್ಟೂ ಮರಿಗಳು ಹೆಚ್ಚು ಸತ್ತವು. ಆದರೆ ಒಂದು ಪಾಲು ಎಣ್ಣೆಗೆ ಮೂರು ಪಾಲು ಎಮಲ್ಸಿಫೈಯರ್ ಬೇಕಾಯಿತು. ಪ್ರಯೋಗಾಲಯದಲ್ಲಿ ನೀರಿನಲ್ಲಿರುವ ಸೊಳ್ಳೆ ಮರಿಗೂ ಮಳೆ ಗಾಳಿಗೆ ಒಡ್ಡಿದ ಬೆಳೆಗೂ ಬಹಳ ಅಂತರವಿದೆ. ಖರ್ಚು, ಎಲೆಯ ಮೇಲಿನ ಪರಿಣಾಮ, ಉಪಕಾರಿ ಕೀಟಗಳ ಸುರಕ್ಷತೆ ಇವೆಲ್ಲ ಹೊಲದ ಪ್ರಯೋಗಗಳಲ್ಲಿ ತೂಗಿ ನೋಡಬೇಕಾದವು.

ಎಲ್ಲ 'ನ್ಯಾನೋ'ಗಳೂ ಎಮಲ್ಷನ್ ಅಲ್ಲ. 2021ರಲ್ಲಿ ಇಫ್ಕೋ ಸಂಸ್ಥೆ ಹೊರತಂದ ನ್ಯಾನೋ ಯೂರಿಯಾ ಗೊಬ್ಬರ. ಅದರಲ್ಲಿ ಎಣ್ಣೆಹನಿಗಳ ಮಾತಿಲ್ಲ. ಪಂಪಿನ ನಾಝಲನ್ನು ಬಿಗಿದು ಹುಡಿಹುಡಿಯಾಗಿ ಸಿಂಪಡಿಸಿದರೂ ಔಷಧಿ ನ್ಯಾನೋ ಆಗುವುದಿಲ್ಲ. ನಾಝಲಿನಿಂದ ಬರುವ ತುಂತುರು ಹನಿಯೇ ಸಾಮಾನ್ಯವಾಗಿ ನೂರಾರು ಮೈಕ್ರಾನ್ ಇರುತ್ತದೆ. ಎಮಲ್ಷನ್ನಿನ ಹನಿಗಳು ಆ ತುಂತುರಿನ ಒಳಗಿರುವಂತಹವು. ನಾಝಲನ್ನು ಅತಿಯಾಗಿ ಬಿಗಿದರೆ ಔಷಧಿ ಗಾಳಿಗೆ ತೇಲಿ ಪಕ್ಕದ ಹೊಲಕ್ಕೂ ಸಿಂಪಡಿಸುವವನ ಮೂಗಿಗೂ ಹೋಗುತ್ತದೆ.

ಇಲ್ಲಿ ಇನ್ನೊಂದು ವಿಚಾರವಿದೆ. ಸಣ್ಣ ಹನಿ ಎಲೆಯೊಳಗೆ, ಕೀಟದ ಮೈಯೊಳಗೆ ಸುಲಭವಾಗಿ ಹೊಗುತ್ತದೆ ಎಂದರೆ ಮನುಷ್ಯನ ಚರ್ಮವನ್ನೂ ಹೊಗಬಹುದು ಎಂದೇ ಭಾವಿಸಿ ನಡೆದುಕೊಳ್ಳಬೇಕು. ಆದುದರಿಂದಲೇ ಕೇಂದ್ರ ಸರ್ಕಾರವು 2020ರಲ್ಲಿ ನ್ಯಾನೋ ಕೃಷಿ ಪದಾರ್ಥಗಳ ಗುಣ ಮತ್ತು ಸುರಕ್ಷತೆಯನ್ನು ಪರೀಕ್ಷಿಸಲು ಮಾರ್ಗಸೂಚಿಗಳನ್ನು ಹೊರಡಿಸಿತು. ಕೀಟನಾಶಕವೆಂದು ಮಾರುವ ಯಾವ ಬಾಟಲಿಯ ಮೇಲಾದರೂ ನೋಂದಣಿ ಸಂಖ್ಯೆ, ಔಷಧಿಯ ಹೆಸರು ಮತ್ತು ಶೇಕಡಾ ಪ್ರಮಾಣ, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ, ವಿಷದ ಮಟ್ಟ ತೋರಿಸುವ ಬಣ್ಣದ ಗುರುತು, ಯಾವ ಬೆಳೆಗೆ ಎಷ್ಟು ಎಂಬ ವಿವರ ಇರಬೇಕು. ಇವಿಲ್ಲದೆ 'ನ್ಯಾನೋ ಶಕ್ತಿ' ಎಂದಷ್ಟೇ ಬರೆದ ಬಾಟಲಿಗೆ ಹಣ ಕೊಡಬಾರದು. ತಿಳಿಯಾಗಿ ಕಾಣುವುದೆಲ್ಲ ನ್ಯಾನೋ ಅಲ್ಲ. ಬರಿಯ ಬಣ್ಣದ ನೀರೂ ತಿಳಿಯಾಗಿಯೇ ಇರುತ್ತದೆ.

ನೆನಪಿಡಬೇಕಾದ ಅಂಶಗಳು

1. ಔಷಧಿಯ ಜೊತೆಗೆ ಅದನ್ನು ಹೊರುವ ಹನಿಯನ್ನೂ ಕಾಪಾಡಬೇಕು. ಕೆನೆ ಕಟ್ಟಿದ್ದು ಬೆರೆಯುತ್ತದೆ, ಒಡೆದದ್ದು ಬೆರೆಯದು.

2. ಕಾಲುಬಾಯಿ ಬೇನೆಯ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಬೇಕು. ಹೋರಿ ಹಬ್ಬ, ದನದ ಸಂತೆಗಳಿಗೆ ಒಂದು ತಿಂಗಳ ಮೊದಲೇ ಮುಗಿಸಬೇಕು.

3. ಎಣ್ಣೆ ಲಸಿಕೆಗೆ ಬಿಸಿಲೂ ಬೇಡ, ಹೆಪ್ಪುಗಟ್ಟುವ ಚಳಿಯೂ ಬೇಡ. 2ರಿಂದ 8 ಡಿಗ್ರಿಯಲ್ಲಿರಲಿ.

4. ಸಿಂಪರಣೆಗೆ ಮೊದಲು ಬಾಟಲಿ ಪರೀಕ್ಷೆ ಮಾಡಬೇಕು. ಗಡಸು ನೀರಿದ್ದಲ್ಲಿ ಕೆರೆ ಅಥವಾ ಮಳೆ ನೀರನ್ನು ಆರಿಸಿಕೊಳ್ಳಬೇಕು.

5. ಬೇವಿನ ಎಣ್ಣೆಗೆ ಮೊದಲು ಸಾಬೂನಿನ ನೀರು, ನಂತರ ಎಣ್ಣೆ, ಕೊನೆಗೆ ಉಳಿದ ನೀರು.

6. ಕೈಗವಸು, ಮುಖವಸ್ತ್ರ, ಪೂರ್ಣ ತೋಳಿನ ಅಂಗಿ ಧರಿಸದೆ ಸಿಂಪಡಿಸಬಾರದು. ಗಾಳಿಗೆ ಎದುರಾಗಿ ನಿಲ್ಲಬಾರದು.

7. 'ನ್ಯಾನೋ' ಎಂಬ ಹೆಸರು ನೋಡಿ ಕೊಳ್ಳದೆ ನೋಂದಣಿ ಸಂಖ್ಯೆ ನೋಡಿ, ಖರೀದಿ ಚೀಟಿ ಪಡೆದು ಕೊಳ್ಳಬೇಕು.

ಲಸಿಕೆಯ ಬಗ್ಗೆ ಸಮೀಪದ ಪಶು ಆಸ್ಪತ್ರೆಯನ್ನೂ, ಬೆಳೆಯ ಔಷಧಿ ಮತ್ತು ನೀರಿನ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೋ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಸಂಪರ್ಕಿಸಬಹುದು. ಹೋಗುವಾಗ ಔಷಧಿಯ ಬಾಟಲಿ ಮತ್ತು ಒಂದು ಲೀಟರ್ ನೀರನ್ನು ಜೊತೆಗೆ ಒಯ್ದರೆ ಸಲಹೆ ಕೊಡುವವರಿಗೂ ಪಡೆಯುವವರಿಗೂ ಅನುಕೂಲವಾಗುತ್ತದೆ.